ಮೂರನೆಯ ಕಾಲಂ

ಶಾಲೆಯಲ್ಲಿದ್ದಷ್ಟು ದಿನ ನಾನು ಅವನನ್ನು ಮೇಷ್ಟ್ರು ಎಂದೆ, ನೀವು ತಾವು ಎಂದೆ. ಇಲ್ಲಿ ಮೇಷ್ಟ ಎನ್ನುತ್ತೇನೆ. ಅವನಿಗೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ನನ್ನ ಅವ್ವ ಬೆನ್ನು ಬಗ್ಗಿಸಿ ಕೊಟ್ಟಾಗಿದೆ. ನನ್ನ ಹತ್ತಿರ ಇನ್ನು ಉಳಿದಿಲ್ಲ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಅವನು ಕನ್ನಡ ಪಾಠ ಚೆನ್ನಾಗಿ ಮಾಡುತ್ತಿದ್ದ. ಉಳಿದವರು ಗೈಡು ನೋಡಿ ಬರೆಸುತ್ತಿದ್ದರು. ಇವನು ಯೋಚಿಸುವುದನ್ನು ಕಲಿಸಿದ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹತ್ತನೇ ತರಗತಿಯ ಮೊದಲ ವಾರವೇ ಬೋರ್ಡಿನ ಮೇಲೆ ಎರಡು ಉದ್ದ ಗೆರೆ ಎಳೆದು ಮೂರು ಕಾಲಂ ಮಾಡಿದ. ಮೊದಲನೆಯದರಲ್ಲಿ ಪುಟದ ಸಂಖ್ಯೆ. ಎರಡನೆಯದರಲ್ಲಿ ಪುಸ್ತಕದ ಮಾತು, ಇದ್ದದ್ದು ಇದ್ದ ಹಾಗೆ. ಮೂರನೆಯದರಲ್ಲಿ ಆ ಮಾತಿನಿಂದ ಆ ಪಾತ್ರ ಎಂಥದ್ದು ಎಂದು ನಮಗೆ ತಿಳಿಯುತ್ತದೋ ಅದು.

"ಅವಳು ಒಳ್ಳೆಯವಳು, ಇವನು ಕೆಟ್ಟವನು ಅಂತ ಬಾಯಿಗೆ ಬಂದದ್ದು ಹೇಳ್ಬೇಡಿ," ಎಂದ. "ನಿಮಗೆ ಏನನ್ನಿಸ್ತು ಅನ್ನೋದು ನನಗೆ ಬೇಡ. ಪುಟ ತೋರ್ಸಿ. ಪುಟ ತೋರ್ಸಿದ್ರೆ ನಾನು ಹೇಳಿದ್ದನ್ನೂ ತಪ್ಪು ಅನ್ನಬಹುದು. ಪುಟ ಇಲ್ದಿದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡೆ. ತಾರೀಕು ಹಾಕಿದೆ.

ಆ ವರ್ಷ ನಮಗಿದ್ದ ಕಾದಂಬರಿ ಅವನೇ ಬರೆದದ್ದು. ಹನ್ನೊಂದು ಸಲ ಅಚ್ಚಾಗಿತ್ತು. ಅನುಕೂಲಸ್ಥರ ಮನೆಯ ಮಗನೊಬ್ಬ ಕವಿಯಾಗುವ ಕಥೆ. 'ನಾನು', 'ನಾನು' ಎಂದು ಮೊದಲಿಂದ ಕೊನೆಯವರೆಗೂ ಅವನೇ ಹೇಳಿಕೊಂಡು ಹೋಗುತ್ತಾನೆ. ಆ ಮನೆಯ ಕಕ್ಕಸು ಬಳಿಯಲು ಹಿತ್ತಲ ಓಣಿಯಿಂದ ಒಬ್ಬ ಹೆಂಗಸು ಬರುತ್ತಾಳೆ. ಹೊಳೆಯುವ ವಸ್ತು ಕಂಡರೆ ನಿಂತು ನೋಡುತ್ತಾಳೆ ಎಂದು ಮನೆಯವರು ಅವಳನ್ನು ಕಾಗೆ ಎಂದು ಕರೆಯುತ್ತಾರೆ. ನೂರಾ ಹನ್ನೆರಡನೇ ಪುಟದಲ್ಲಿ ಕವಿಯ ತಾಯಿಯ ಚಿನ್ನದ ಸರ ಕಾಣೆಯಾಗುತ್ತದೆ. ಕಾಗೆಯನ್ನು ಪೊಲೀಸರು ಎಳೆದುಕೊಂಡು ಹೋಗುತ್ತಾರೆ. ಕವಿ ಕಿಟಕಿಯಲ್ಲಿ ನಿಂತು ಕಣ್ಣೀರು ಹಾಕುತ್ತಾನೆ.

ಆ ಕಾಗೆ ನನ್ನ ಅವ್ವ.

ಇದನ್ನು ನಾನು ಪತ್ತೆ ಮಾಡಲಿಲ್ಲ. ಮೇಷ್ಟನೇ ತರಗತಿಗೆ ಹೇಳಿದ. ಮುನ್ನುಡಿ ತೆಗೆಸಿ ಜೋರಾಗಿ ಓದಿಸಿದ: "ಈ ಕಾದಂಬರಿಯ ಒಂದು ಸಾಲೂ ಕಲ್ಪನೆಯಲ್ಲ. ಎಲ್ಲವೂ ನನ್ನ ಮನೆಯಲ್ಲಿ ನಡೆದದ್ದು." ಆಮೇಲೆ ಬಾಗಿಲ ಕಡೆ ನೋಡಿ ನಕ್ಕ. "ಕಾಗೆ ಎಲ್ಲೂ ಹಾರಿ ಹೋಗಿಲ್ಲ. ನಮ್ಮ ಶಾಲೇಲೇ ಇದೆ." ಹೊರಗೆ ಕಾರಿಡಾರಿನಲ್ಲಿ ಅವ್ವ ಬಕೆಟ್ ಹಿಡಿದು ಹೋಗುತ್ತಿದ್ದಳು. ನಲವತ್ತೊಂದು ತಲೆ ಆ ಕಡೆ ತಿರುಗಿದವು. ನನ್ನದೊಂದು ಬೆಂಚಿನ ಮೇಲೆ ಬಾಗಿತು.

ಮಾರನೆಯ ದಿನದಿಂದ ಶುರುವಾಯಿತು. ಅವ್ವ ಅಂಗಳ ದಾಟಿದರೆ ಮೇಲಿನ ಕಿಟಕಿಯಿಂದ 'ಕಾ'. ಮೆಟ್ಟಿಲು ಒರೆಸಿದರೆ 'ಕಾ'. ಪ್ರತಿ ಸಲವೂ ಅವ್ವ ತಲೆ ಎತ್ತಿ ನೋಡುತ್ತಿದ್ದಳು. ಕರೆದವರು ಯಾರು ಎಂದು ನೋಡುವುದು ಮನುಷ್ಯರ ಅಭ್ಯಾಸ. ಮೇಷ್ಟನಿಗೆ ಅದೂ ಪಾಠವಾಯಿತು. ಅರವತ್ತನೇ ಪುಟದಲ್ಲಿ ಓಣಿಯ ಮಕ್ಕಳು 'ಕಾ' ಎಂದಾಗ ಕಾಗೆ ತಲೆ ಎತ್ತುತ್ತಾಳೆ. ಅದನ್ನೇ ಉದಾಹರಣೆಯಾಗಿ ಬೋರ್ಡಿಗೆ ಹಾಕಿದ. ಮೊದಲ ಕಾಲಂ, ಪುಟ ಅರವತ್ತು. ಎರಡನೆಯದು, ತಲೆ ಎತ್ತಿ ನೋಡಿದಳು. ಮೂರನೆಯದು, ತಪ್ಪಿತಸ್ಥ ಮನಸ್ಸು.

"ತಪ್ಪು ಮಾಡದವರು ಯಾಕೆ ತಿರುಗಿ ನೋಡ್ತಾರೆ? ಅವರಿಗಲ್ಲ ಕರೆದದ್ದು ಅಂತ ಸುಮ್ನೆ ಹೋಗ್ತಾರೆ," ಎಂದ. ನಾವು ಬರೆದುಕೊಂಡೆವು. ನಾನೂ ಬರೆದುಕೊಂಡೆ, ನನ್ನ ಕೈಯಾರೆ.

ಅವ್ವನ ಕೆಲಸ ಹೇಳುತ್ತೇನೆ. ಹುಡುಗರ ಕಡೆ ಎಂಟು ಕಕ್ಕಸು, ಹುಡುಗಿಯರ ಕಡೆ ಆರು, ಸ್ಟಾಫಿಗೆ ಎರಡು. ಮೊದಲು ನೀರು ಹೊಯ್ದು, ಆಸಿಡ್ ಸುರಿದು, ಮೂಗಿಗೆ ಸೆರಗು ಕಟ್ಟಿ, ಕುಕ್ಕರಗಾಲಲ್ಲಿ ಕೂತು ಉಜ್ಜಬೇಕು. ಕಟ್ಟಿಕೊಂಡರೆ ಕೈ ಹಾಕಬೇಕು. ಶಾಲೆ ಕೈಗವಸು ಕೊಟ್ಟಿರಲಿಲ್ಲ. ಅವ್ವ ಬಲಗೈಯವಳು. ಆದರೆ ಉಜ್ಜುವುದು ಎಡಗೈಯಲ್ಲಿ. ಬಲಗೈಯ ನಡುವಿನ ಎರಡು ಬೆರಳು ಮಡಚುವುದಿಲ್ಲ. ಸರ ಕದ್ದದ್ದು ಒಪ್ಪಿಕೋ ಎಂದು ಸ್ಟೇಷನ್ನಿನಲ್ಲಿ ಬಾಗಿಲ ಸಂದಿಗೆ ಇಟ್ಟು ಬಾಗಿಲು ಮುಚ್ಚಿದ್ದರು. ಅವ್ವ ಒಪ್ಪಿಕೊಳ್ಳಲಿಲ್ಲ. ಮೂರನೇ ದಿನ ಬಿಟ್ಟರು. ಆಗ ನಾನು ಹೊಟ್ಟೆಯಲ್ಲಿದ್ದೆ. ಕಳ್ಳಿಯ ಗಂಡ ಎನ್ನಿಸಿಕೊಂಡು ಬದುಕಲಾರೆ ಎಂದು ಅಪ್ಪ ಎದ್ದು ಹೋದ. ಹೋದದ್ದು ಒಳ್ಳೆಯದೇ ಆಯಿತು ಎನ್ನುತ್ತಾಳೆ ಅವ್ವ, ಉಣ್ಣುವ ಬಾಯಿ ಒಂದು ಕಡಿಮೆ.

ಈ ಶಾಲೆಯಲ್ಲಿ ಅವಳದು ಒಂಬತ್ತು ವರ್ಷದ ದಿನಗೂಲಿ. ಆ ವರ್ಷ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ಹೋಗುವುದಿತ್ತು. ಖಾಯಂ ಆದರೆ ಮೈ ಸರಿಯಿಲ್ಲದ ದಿನ ಮನೆಯಲ್ಲಿ ಮಲಗಬಹುದು. ಅವ್ವನ ಆಸೆ ಅಷ್ಟೇ. ಪಟ್ಟಿ ಬರೆಯುವವರಲ್ಲಿ ಮೇಷ್ಟನೂ ಒಬ್ಬ.

ಅದೇ ಹೊತ್ತಿಗೆ ಮಾದರಿ ಪಾಠ ಬಂತು. ಬೇರೆ ಬೇರೆ ಶಾಲೆಗಳ ಮೂವತ್ತು ಜನ ಮೇಷ್ಟ್ರು ಟೀಚರುಗಳು ಬಂದು ಹಿಂದೆ ಕೂತು ಇವನ ಪಾಠ ನೋಡಿ ಕಲಿಯಬೇಕು. ಮಾದರಿ ಪಾಠ ಎಂದರೆ ನಾಟಕ. ಯಾವ ಪ್ರಶ್ನೆ, ಯಾರು ಉತ್ತರ ಹೇಳಬೇಕು, ಎಲ್ಲಿ ಒಬ್ಬ ತಪ್ಪು ಹೇಳಿ ಇನ್ನೊಬ್ಬ ತಿದ್ದಬೇಕು, ಎಲ್ಲ ಮೂರು ವಾರದಿಂದ ತಾಲೀಮು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನೋಡುವವರಿಗೆ ತರಗತಿಗೆ ತರಗತಿಯೇ ಬುದ್ಧಿವಂತರು. ಮೇಷ್ಟ ಬಲಗೈ ನೋಡಿ ಎಬ್ಬಿಸುತ್ತಾನೆ.

ಕಾಗೆಯ ಪಾತ್ರವನ್ನು ನನಗೆ ಕೊಟ್ಟ. ಸ್ಟಾಫ್ ರೂಮಿಗೆ ಕರೆದು ಚೀಟಿಯೊಂದನ್ನು ಕೈಗಿತ್ತ. ಅವನದೇ ಅಕ್ಷರ. "ಕಾಗೆ ಕಳ್ಳಿ ನಿಜ. ಆದರೆ ಹಸಿವು ಅವಳನ್ನು ಕಳ್ಳಿಯನ್ನಾಗಿ ಮಾಡಿತು. ಲೇಖಕರು ಅವಳನ್ನು ದ್ವೇಷಿಸದೆ ಕ್ಷಮಿಸಿದ್ದಾರೆ. ಅವಳು ನಮ್ಮ ಕರುಣೆಗೆ ಪಾತ್ರಳು. ಆಧಾರ, ಪುಟ ನೂರಾ ಹದಿನಾಲ್ಕು."

"ಬೇರೆ ಯಾರು ಹೇಳಿದ್ರೂ ಇದಕ್ಕೆ ತೂಕ ಬರಲ್ಲ. ನೀನು ಹೇಳ್ಬೇಕು," ಎಂದ. "ನಿಮ್ಮಮ್ಮ ಖಾಯಂ ಆಗೋದು ನನ್ನ ಒಂದು ಸಹೀಲಿದೆ ಕಣಮ್ಮ. ಚೆನ್ನಾಗಿ ಓದ್ಕೊಂಡು ಬಾ."

"ಆಗಲಿ ಸಾರ್," ಎಂದೆ. ಚೀಟಿಯನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡೆ.

ಭಾನುವಾರ ಮಧ್ಯಾಹ್ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವ್ವ ಬಾಗಿಲಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಆಸಿಡ್ಡಿಗೆ ಬಿರಿದ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವ್ವನಿಗೆ ಓದಲು ಬರುವುದಿಲ್ಲ. ತನ್ನ ಮೇಲೆ ಪುಸ್ತಕ ಇದೆ ಎಂದು ಗೊತ್ತಿತ್ತು, ಒಳಗೆ ಏನಿದೆ ಎಂದು ಯಾರೂ ಓದಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಾಚಿಕೆ. ಆ ದಿನ ಮೊದಲಿಂದ ಓದಿದೆ.

ಅವ್ವ ಮೊದಮೊದಲು ತಮಾಷೆ ಮಾಡಿದಳು. "ನಾನು ಹೊಳೆಯೋದು ಕಂಡ್ರೆ ನಿಂತು ನೋಡ್ತಿದ್ನಂತಾ? ಅವರ ಮನೇಲಿ ನನಗೆ ಕಾಣ್ತಿದ್ದದ್ದು ಒಂದೇ ಒಂದು ವಸ್ತು. ಅದು ಹೊಳೀತಾ ಇರ್ಲಿಲ್ಲ ಕಣೇ."

ನೂರಾ ಹದಿನಾಲ್ಕನೇ ಪುಟಕ್ಕೆ ಬಂದೆ. ಚೀಟಿಯಲ್ಲಿದ್ದ ಪುಟ. "ಪೊಲೀಸರು ಬಿಟ್ಟ ಮೇಲೆ ಒಮ್ಮೆ ಓಣಿಯಲ್ಲಿ ಕಂಡಳು. ಅವಳ ಬಲಗೈ ನಡುಗುತ್ತಿತ್ತು. ಕದ್ದ ಕೈ ಸುಳ್ಳು ಹೇಳಲಾರದು."

ಅವ್ವ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. "ನಡುಗ್ದೆ ಇನ್ನೇನು? ಬೆರಳು ಮುರಿದಿತ್ತು. ಅವನಿಗೂ ಕಾಣ್ತಾ ಇತ್ತು. ಬಟ್ಟೆ ಸುತ್ಕೊಂಡಿದ್ದೆ."

"ಹೋಗಲಿ ಬಿಡವ್ವ. ನೀನು ಕದ್ದಿಲ್ಲ ಅಂತ ಹೇಳೋಕೆ ನನ್ನ ಹತ್ರ ಪುಟ ಇಲ್ಲ."

"ಪುಟ ಯಾಕೆ ಬೇಕು? ನಾನು ಆ ಮನೆ ಒಳಗೇ ಹೋಗಿಲ್ಲ. ಹಿತ್ತಲ ಬಾಗಿಲಿನ ಆಚೆಗೇ ನನ್ನ ಗಡಿ. ಬಾಯಾರಿದ್ರೆ ಅವರಜ್ಜಿ ಮೇಲಿಂದ ನೀರು ಸುರೀತಿದ್ಲು, ಬೊಗಸೇಲಿ ಕುಡೀತಿದ್ದೆ. ಒಳಗೆ ಎಷ್ಟು ಕೋಣೆ ಅಂತ ಇವತ್ತಿಗೂ ಗೊತ್ತಿಲ್ಲ."

ಬೊಗಸೆ ಎಂದದ್ದೇ ನನಗೆ ನೆನಪಾಯಿತು. ಅದನ್ನು ನಾನು ಓದಿದ್ದೆ. ಅವನ ಪುಸ್ತಕದಲ್ಲೇ ಓದಿದ್ದೆ. ಪುಟ ತಿರುವಿದೆ. ನಲವತ್ತೊಂದು. ತನ್ನ ಮನಸ್ಸು ಎಷ್ಟು ಮೃದು ಎಂದು ತೋರಿಸಲು ಬರೆದುಕೊಂಡಿದ್ದ ಸಾಲು.

ಆಮೇಲೆ ನಾನು ಅವ್ವನಿಗೆ ಓದುವುದನ್ನು ಬಿಟ್ಟೆ. ಸಂಜೆಯವರೆಗೂ ಪೆನ್ಸಿಲ್ ಹಿಡಿದು ಕಾಗೆಯನ್ನು ಬಿಟ್ಟು ಕವಿಯನ್ನು ಹುಡುಕಿದೆ. ಒಂದೊಂದೇ ಸಾಲು ಎದ್ದು ಬಂತು. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದೆ. ತುಂಬಿದ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವ್ವ ಮಡಚದ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

"ಹೇಳಿದ್ರೆ ನಿನ್ನ ಕೆಲಸ ಹೋಗುತ್ತವ್ವ," ಎಂದೆ.

"ಹೋಗುತ್ತೆ."

"ಪಟ್ಟೀಲಿ ಹೆಸರೂ ಹೋಗುತ್ತೆ."

"ಹೋಗುತ್ತೆ," ಎಂದಳು. "ಮೂವತ್ತು ಜನ ಬರ್ತಾರೆ ಅಂದ್ಯಲ್ಲ. ಎಲ್ಲರ ಕೈಲೂ ಆ ಪುಸ್ತಕ ಇರುತ್ತಾ?"

"ಎಲ್ಲರಿಗೂ ಒಂದೊಂದು ಕೊಡ್ತಾರೆ."

"ಹಂಗಾದ್ರೆ ಹೇಳು. ನಿಧಾನವಾಗಿ ಹೇಳು. ಅವರು ಪುಟ ತೆಗೆಯೋವರೆಗೂ ಕಾಯಿ."

ಬುಧವಾರ ಬೆಳಗ್ಗೆ ಎರಡನೇ ಪೀರಿಯಡ್. ಹಿಂದೆ ಮೂವತ್ತು ಕುರ್ಚಿ. ಮೂವತ್ತು ತೊಡೆಯ ಮೇಲೆ ಮೂವತ್ತು ಹೊಸ ಪುಸ್ತಕ. ಮುಖ್ಯೋಪಾಧ್ಯಾಯಿನಿ, ನಾವು ದೊಡ್ಡ ಮೇಡಂ ಎನ್ನುವವರು, ಬಾಗಿಲ ಪಕ್ಕ ಕೂತಿದ್ದರು. ಮೇಷ್ಟ ಇಸ್ತ್ರಿಯ ಗೆರೆ ಕೆಡದಂತೆ ನಡೆಯುತ್ತಿದ್ದ. ಬೋರ್ಡಿನ ಮೇಲೆ ಮೂರು ಕಾಲಂ.

ತಾಲೀಮಿನ ಪ್ರಕಾರ ಎಲ್ಲ ನಡೆಯಿತು. ತಪ್ಪು ಹೇಳಬೇಕಾದವನು ತಪ್ಪು ಹೇಳಿದ. ತಿದ್ದಬೇಕಾದವಳು ತಿದ್ದಿದಳು. ಹಿಂದಿನವರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಮೇಷ್ಟ ದನಿ ಇಳಿಸಿ ಕೇಳಿದ: "ಸರ ಕದ್ದದ್ದು ಯಾರು? ಆ ಪಾತ್ರದ ಬಗ್ಗೆ ನಮ್ಮ ತೀರ್ಮಾನ ಏನು? ಆಧಾರ ಸಮೇತ."

ಬಲಗೈ ಎತ್ತಿದೆ.

"ಹೇಳಮ್ಮ," ಎಂದ. ಹಿಂದಿನವರ ಕಡೆ ತಿರುಗಿ, "ಈ ಮಗು ಯಾರ ಮಗಳು ಅಂತ ಗೊತ್ತಾದ್ರೆ ನಿಮಗೆ ಆಶ್ಚರ್ಯ ಆಗುತ್ತೆ. ಆಮೇಲೆ ಹೇಳ್ತೀನಿ," ಎಂದ.

ಎದ್ದು ನಿಂತೆ.

"ಪುಟ ನಲವತ್ತೊಂದು," ಎಂದೆ. "'ಕಾಗೆ ಹಿತ್ತಲ ಬಾಗಿಲ ಆಚೆಯೇ ನಿಲ್ಲುವಳು. ಅವಳು ಹೊಸಿಲು ದಾಟಿದ್ದನ್ನು ನಾವ್ಯಾರೂ ಒಂದು ದಿನವೂ ಕಂಡಿಲ್ಲ. ಅಜ್ಜಿ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿಯುವಾಗ ನನ್ನ ಕರುಳು ಚುರುಕ್ ಎನ್ನುತ್ತಿತ್ತು.'"

ಮೇಷ್ಟ ಹುಬ್ಬೇರಿಸಿದ. ಇದು ಚೀಟಿಯಲ್ಲಿರಲಿಲ್ಲ. ಆದರೂ ತನ್ನ ಕರುಳಿನ ವಿಷಯ ಬಂದದ್ದಕ್ಕೆ ನಕ್ಕ. ಹಿಂದೆ ಪುಟ ತಿರುವುವ ಸದ್ದು. ಅವ್ವ ಹೇಳಿದಂತೆ ಕಾದೆ.

"ಪುಟ ನೂರಾ ಹನ್ನೆರಡು. 'ಸರ ನಡುಮನೆಯ ಬೀರುವಿನಲ್ಲಿತ್ತು. ಬೀರುವಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.' ಪುಟ ಇಪ್ಪತ್ಮೂರು. 'ಬೀರುವಿನ ಕೀಲಿ ಎಲ್ಲಿಡುವಳೆಂದು ಅಮ್ಮ ನನಗೊಬ್ಬನಿಗೇ ಹೇಳಿದ್ದಳು. ಅಪ್ಪನಿಗೂ ಹೇಳಿರಲಿಲ್ಲ.'"

ನಗು ನಿಂತಿತು. "ಸಾಕು, ಕೂತ್ಕೋ. ಪ್ರಶ್ನೆ ಅರ್ಥ ಆಗಿಲ್ಲ ನಿನಗೆ," ಎಂದ.

"ಪುಟ ತೋರ್ಸಿದ್ರೆ ನೀವು ಹೇಳಿದ್ದನ್ನೂ ತಪ್ಪು ಅನ್ನಬಹುದು ಅಂತ ನೀವೇ ಹೇಳಿದ್ರಿ ಸಾರ್. ತಾರೀಕು ಹಾಕಿ ಬರ್ಕೊಂಡಿದ್ದೀನಿ."

"ಕೂತ್ಕೋ ಅಂದೆ!"

ಹಿಂದಿನಿಂದ ದಪ್ಪ ಕನ್ನಡಕದ ಟೀಚರೊಬ್ಬರು ಎದ್ದರು. ನಿವೃತ್ತಿಗೆ ಹತ್ತಿರವಾದ ವಯಸ್ಸು. ಅವರ ಬೆರಳು ಪುಸ್ತಕದ ಮೇಲಿತ್ತು. "ಇರಿ ಸಾರ್. ಪಾಠ ಈಗ ಶುರುವಾಯ್ತು," ಎಂದರು. "ನೀನು ಮುಂದೆ ಹೇಳಮ್ಮ. ಯಾವ ಪುಟ?"

"ತೊಂಬತ್ತಾರು. 'ನನ್ನ ಕವಿತೆಗಳನ್ನು ಅಚ್ಚು ಹಾಕಿಸಲು ಅಪ್ಪ ಬಿಡಿಗಾಸೂ ಕೊಡುವುದಿಲ್ಲ ಎಂದ. ಸ್ನೇಹಿತರೂ ಕೈ ಎತ್ತಿದರು. ಎಲ್ಲ ಬಾಗಿಲೂ ಮುಚ್ಚಿದವು.' ನೂರಾ ಹದಿನೆಂಟು. 'ಸರ ಹೋದ ಮುಂದಿನ ವಾರವೇ ನನ್ನ ಮೊದಲ ಕವನ ಸಂಕಲನ ಅಚ್ಚಿಗೆ ಹೋಯಿತು. ಮನೆ ದುಃಖದಲ್ಲಿದ್ದರೂ ಕಾವ್ಯ ನನ್ನ ಕೈಬಿಡಲಿಲ್ಲ.'"

ಹಿಂದೆ ಒಬ್ಬೊಬ್ಬರೂ ಪುಟ ಹುಡುಕಿ ಅಂಚು ಮಡಚಿಟ್ಟುಕೊಂಡರು. ಹನ್ನೊಂದು ಸಲ ಅಚ್ಚಾದ ಪುಸ್ತಕ. ಸಾವಿರಾರು ಜನ ಓದಿದ್ದರು. ಇಪ್ಪತ್ಮೂರೂ ತೊಂಬತ್ತಾರೂ ನೂರಾ ಹದಿನೆಂಟೂ ಎಲ್ಲರ ಕಣ್ಣ ಮುಂದೆಯೇ ಇದ್ದವು. ಯಾರಿಗೂ ಕಾಣಲಿಲ್ಲ. ಕಕ್ಕಸು ಬಳಿಯುವವಳು ಕದ್ದಳು ಎಂದರೆ ಆಮೇಲೆ ಇನ್ನೊಬ್ಬರ ಮೇಲೆ ಯಾರಿಗೆ ತಾನೆ ಅನುಮಾನ ಬರುತ್ತದೆ? ಬರೆದವನಿಗೂ ಆ ಭಯ ಇರಲಿಲ್ಲ. ತನ್ನ ಮೊದಲ ಪುಸ್ತಕದ ಜಂಬ ಕೊಚ್ಚಿಕೊಳ್ಳದೆ ಇರಲು ಅವನಿಂದ ಆಗಲಿಲ್ಲ.

ಬೋರ್ಡಿನ ಹತ್ತಿರ ಹೋದೆ. ಅವನ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡೆ. ಅವನು ಬಿಡಲಿಲ್ಲ, ಎಳೆದೆ, ಅರ್ಧ ಮುರಿದು ಬಂತು. ಮೂರನೆಯ ಕಾಲಂನಲ್ಲಿ ಬರೆದೆ: ಸರ ಕದ್ದದ್ದು 'ನಾನು'.

"ಮುನ್ನುಡಿ," ಎಂದೆ. "'ಒಂದು ಸಾಲೂ ಕಲ್ಪನೆಯಲ್ಲ.'"

ಮಧ್ಯಾಹ್ನ ದೊಡ್ಡ ಮೇಡಂ ಕೋಣೆಗೆ ಕರೆಸಿದರು. ಅವ್ವನನ್ನೂ ಕರೆಸಿದರು. ಅವ್ವ ಬಾಗಿಲ ಹೊರಗೆ ಚಪ್ಪಲಿ ಬಿಡಲು ಹೋದವಳು ಒಂದು ಕ್ಷಣ ನಿಂತಳು. ಬಿಡಲಿಲ್ಲ. ಮೆಟ್ಟಿಕೊಂಡೇ ಒಳಗೆ ಬಂದಳು. ಮೇಷ್ಟ ಕುರ್ಚಿಯಲ್ಲಿ ಕೂತಿದ್ದ. ಬೆವರಿಗೆ ಇಸ್ತ್ರಿ ಹೋಗಿತ್ತು.

"ಕ್ಷಮಾಪಣೆ ಪತ್ರ ಬರೀಬೇಕು," ಎಂದರು ಮೇಡಂ ನನಗೆ. "ಸುಳ್ಳು ಹೇಳಿದೆ ಅಂತ."

"ಬರೀತೀನಿ ಮೇಡಂ. ನಾನು ಓದಿದ್ದರಲ್ಲಿ ಯಾವ ಸಾಲು ಸುಳ್ಳು ಅಂತ ಸಾರ್ ತೋರ್ಸಲಿ. ಆ ಪುಟ ಹಾಕಿ ಬರೀತೀನಿ."

ಮೇಡಂ ಅವನ ಕಡೆ ನೋಡಿದರು. ಅವನು ಮೇಜಿನ ಮೇಲಿದ್ದ ಪೇಪರ್‌ವೆಯ್ಟ್ ತಿರುಗಿಸಿದ.

"ಮೇಡಂ, ಅದು ಕಾದಂಬರಿ," ಎಂದ ಕೊನೆಗೆ. "ಕಾದಂಬರಿ ಅಂದ್ಮೇಲೆ ಕಲ್ಪನೆ ಇದ್ದೇ ಇರುತ್ತೆ. ಎಲ್ಲಾ ಕಲ್ಪನೇನೇ."

ಅವ್ವ ಒಂದು ಹೆಜ್ಜೆ ಮುಂದೆ ಬಂದಳು. "ಎಲ್ಲಾನಾ ಸ್ವಾಮಿ?"

"ಹೂಂ."

"ಹಂಗಾದ್ರೆ ನಾನು ಕದ್ದಿದ್ದೂ ಕಲ್ಪನೇನೇ. ಅಷ್ಟು ಬರ್ಕೊಡಿ. ಮೇಡಮ್ಮೋರ ಮುಂದೇನೇ ಬರ್ಕೊಡಿ. ನನ್ನ ಮಗಳೂ ಪತ್ರ ಬರ್ಕೊಡ್ತಾಳೆ."

ಅವನು ಬರೆಯಲಿಲ್ಲ. ಬರೆದರೆ ಅವ್ವ ಕಳ್ಳಿಯಲ್ಲ. ಬರೆಯದಿದ್ದರೆ ಅವನು ಕಳ್ಳ. ಮೇಡಂಗೂ ಅದು ಅರ್ಥವಾಯಿತು. ಅರ್ಥವಾದದ್ದಕ್ಕೇ ಅವರಿಗೆ ಸಿಟ್ಟು ಬಂತು. ಶಾಲೆಯ ಮಾನ, ಬಂದ ಅತಿಥಿಗಳು, ಎಂದೆಲ್ಲ ಹೇಳಿ ಕೊನೆಗೆ ಅವ್ವನಿಗೆ, "ನಾಳೆಯಿಂದ ನೀನು ಬರ್ಬೇಡ," ಎಂದರು.

"ನಾಳೆ ಯಾಕೆ ಮೇಡಂ, ಇವತ್ತೇ ಬಿಟ್ಟೆ," ಎಂದಳು ಅವ್ವ. "ಸ್ಟಾಫ್ ಕಕ್ಕಸು ಬೆಳಗ್ಗೆಯಿಂದ ತೊಳೆದಿಲ್ಲ. ಮೂವತ್ತು ಜನ ನೆಂಟರು ಬೇರೆ ಅಲ್ಲಿಗೆ ಹೋಗಿ ಬಂದಿದ್ದಾರೆ." ಬಾಗಿಲ ಹೊರಗಿಟ್ಟಿದ್ದ ಬಕೆಟ್ಟನ್ನೂ ಬ್ರಷ್ಷನ್ನೂ ಮೇಷ್ಟನ ಕುರ್ಚಿಯ ಪಕ್ಕಕ್ಕೆ ತಂದು, ಅವನ ಕಾಲಿಗೆ ತಾಗುವಂತೆ ಇಟ್ಟಳು. "ನೀವು ತೊಳೀರಿ ಸ್ವಾಮಿ. ಆಮೇಲೆ ಅದನ್ನೂ ಬರೀರಿ. ಒಂದು ಸಾಲೂ ಕಲ್ಪನೆ ಮಾಡ್ದೆ ಬರೀರಿ."

ಅವನು ಕಾಲು ಹಿಂದೆ ತೆಗೆದುಕೊಂಡ. ಹದಿನಾರು ವರ್ಷದಲ್ಲಿ ಅವ್ವ ಅವನ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಅವ್ವ ನನ್ನ ಕೈ ಹಿಡಿದು ಅಂಗಳಕ್ಕೆ ಇಳಿದಳು. ಗೇಟಿನ ಹತ್ತಿರ ಅತಿಥಿಗಳ ಬಸ್ಸು ನಿಂತಿತ್ತು. ಮೂವತ್ತು ಜನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹತ್ತುತ್ತಿದ್ದರು. ಮೂವತ್ತು ಶಾಲೆಗೆ ಹೋಗುವ ಪುಸ್ತಕಗಳು. ಎಲ್ಲದರಲ್ಲೂ ಅದೇ ಐದು ಪುಟದಂಚು ಮಡಚಿತ್ತು. ದಪ್ಪ ಕನ್ನಡಕದ ಟೀಚರ್ ಮೆಟ್ಟಿಲ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರಿಗೆ ಏನೋ ಸಮಜಾಯಿಷಿ ಹೇಳಬೇಕೆಂದು ಮೇಷ್ಟ ನಮ್ಮನ್ನು ದಾಟಿಕೊಂಡು ಓಡುನಡಿಗೆಯಲ್ಲಿ ಹೋದ. ಮುಖದಲ್ಲಿ ಆಗಲೇ ನಗು ಸಿದ್ಧ ಮಾಡಿಕೊಂಡಿದ್ದ.

ಮೇಲಿನ ಕಿಟಕಿಯಿಂದ ಯಾರೋ ಕೂಗಿದರು.

"ಕಾ."

ಅವ್ವ ತಲೆ ಎತ್ತಲಿಲ್ಲ. ಅವಳಿಗಲ್ಲ ಕರೆದದ್ದು. ನನ್ನ ಕೈ ಹಿಡಿದು ಸುಮ್ಮನೆ ಗೇಟಿನ ಕಡೆ ನಡೆದಳು.

ಅಂಗಳದ ನಡುವೆ ಮೇಷ್ಟ ಗಕ್ಕನೆ ನಿಂತ. ತಲೆ ಎತ್ತಿ ಕಿಟಕಿಯ ಕಡೆ ನೋಡಿದ. ಬಸ್ಸಿನಲ್ಲಿದ್ದ ಮೂವತ್ತು ಜನ ಅವನನ್ನು ನೋಡಿದರು.

ಗೇಟಿನ ಹೊರಗೆ ಕಟ್ಟೆಯ ಮೇಲೆ ಅವ್ವನನ್ನು ಕೂರಿಸಿ ನೋಟ್‌ಬುಕ್ ತೆಗೆದೆ. ಮೊದಲ ಕಾಲಂಗೆ ಪುಟ ಇರಲಿಲ್ಲ. ಶಾಲೆಯ ಅಂಗಳ ಎಂದು ಬರೆದೆ. ಎರಡನೆಯದರಲ್ಲಿ, ತಲೆ ಎತ್ತಿ ನೋಡಿದ. ಮೂರನೆಯದಕ್ಕೆ ನಾನು ಯೋಚಿಸಬೇಕಾಗಿ ಬರಲಿಲ್ಲ. ವರ್ಷದ ಮೊದಲಲ್ಲೇ ಅವನು ಬರೆಸಿದ್ದ. ಒಂದಕ್ಷರ ಬದಲಿಸದೆ ಅದನ್ನೇ ಇಳಿಸಿಕೊಂಡೆ: ತಪ್ಪಿತಸ್ಥ ಮನಸ್ಸು.